ಅತ್ತೆಯವರ ಬೋಗುಣಿಯ ನೀರು

ನಮ್ಮ ಮನೆಯ ಬಚ್ಚಲಿನ ಗೋಡೆಗೆ ಏಳು ವರ್ಷದಲ್ಲಿ ಮೂರು ಗೀಜರ್ ಏರಿದವು. ಮೊದಲನೆಯದು ತನ್ನ ಆಯುಷ್ಯ ತೀರಿಸಿಕೊಂಡು ಇಳಿಯಿತು. ಎರಡನೆಯದಕ್ಕೆ ಏನೂ ಆಗಿರಲಿಲ್ಲ, ಆದರೂ ಇಳಿಸಿದೆವು. ಮೂರನೆಯದು ಈಗಲೂ ಗೋಡೆಯ ಮೇಲಿದೆ. ಯಾರ ಸ್ನಾನಕ್ಕಾಗಿ ಇಷ್ಟೆಲ್ಲ ಏರಿಸಿ ಇಳಿಸಿದೆವೋ ಆ ನನ್ನ ಅತ್ತೆಯವರು ಈಗ ಬಚ್ಚಲಿಗೆ ಹೋಗುವುದಿಲ್ಲ. ಅವರ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ.

ಗೀಜರ್ ಎಷ್ಟು ವರ್ಷ ಬಾಳುತ್ತದೆ, ಯಾವಾಗ ಬದಲಿಸಬೇಕು ಎಂದು ನಮ್ಮೂರು ಸನಮಡಿಯ ಹೆಂಗಸರು ಈಗಲೂ ನನ್ನನ್ನು ಕೇಳುತ್ತಾರೆ. ನಾನು ಹೇಳುತ್ತೇನೆ. ಅಷ್ಟು ವಿದ್ಯೆ ಬಂದಿದೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಬಚ್ಚಲಲ್ಲಿ ತಾಮ್ರದ ಬಂಬ ಇತ್ತು. ಸೊಂಟದೆತ್ತರದ ಕೊಡದಂಥ ಪಾತ್ರೆ, ನಡುವೆ ಚಿಮಣಿಯ ಹಾಗೆ ಒಂದು ಕೊಳವೆ, ಆ ಕೊಳವೆಯೊಳಗೆ ಬೆಂಕಿ, ಸುತ್ತ ನೀರು, ಕೆಳಗೊಂದು ಹಿತ್ತಾಳೆಯ ನಳ. ಅತ್ತೆಯವರ ಮದುವೆಗೆ ಮಾಡಗ್ಯಾಳದ ತವರಿನವರು ಕೊಟ್ಟದ್ದು. ದಿನಾಲೂ ಎಲ್ಲರಿಗಿಂತ ಮೊದಲು ಎದ್ದು ಅತ್ತೆಯವರೇ ಅದಕ್ಕೆ ತೊಗರಿ ಕಟ್ಟಿಗೆ, ಮುರಿದ ಕುಳ್ಳು ಹಾಕಿ ಉರಿ ಹಚ್ಚುತ್ತಿದ್ದರು. ನನ್ನ ತವರು ದರಿಬಡಚಿ. ನಮ್ಮದು ಮಹಾರಾಷ್ಟ್ರದ ಸೀಮೆ, ಸಾಲಿ ಕಲಿತದ್ದು ಮರಾಠಿಯಲ್ಲಿ. ನನಗಿರುವ ಕನ್ನಡದಲ್ಲಿ ಅರ್ಧ ನನ್ನ ಅಜ್ಜಿಯದು, ಉಳಿದರ್ಧ ಈ ಬಂಬಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅತ್ತೆಯವರ ಬಾಯಿಂದ ಕೇಳಿದ್ದು. ಹೊಗೆ ಕಣ್ಣಿಗೆ ಬಂದರೆ ಅವರು, “ನಿಮ್ಮವ್ವನ ನೆನಪ ಬಂತೇನವಾ, ಅಳಾಕತ್ತಿ” ಎನ್ನುತ್ತಿದ್ದರು.

ಆ ಬಂಬಿಗೆ ಮುಪ್ಪು ಇರಲಿಲ್ಲ. ಒಳಗಿನ ಕೊಳವೆ ಸವೆದು ತೂತು ಬಿದ್ದರೆ ಅತ್ತೆಯವರು ಜೋಳದ ಹಿಟ್ಟು ಕಲಸಿ ಮೆತ್ತುತ್ತಿದ್ದರು. ಹಿಟ್ಟು ಕಾದು ಕಲ್ಲಾಗುತ್ತಿತ್ತು. ಅದೂ ಸಾಲದಾದಾಗ ತಾಮ್ರದ ಕೆಲಸದವನು ಬಂದು ಹೊಸ ಕೊಳವೆ ಕೂಡಿಸುತ್ತಿದ್ದ. ನಮ್ಮ ಬೋರಿನ ನೀರು ಸವಳು. ಬಂಬಿನ ಒಳಮೈಗೆ ಬೆರಳು ದಪ್ಪದ ಸುಣ್ಣ ಕಟ್ಟಿತ್ತು. ಅದನ್ನು ಕೆರೆಯಲು ಅವರು ಯಾರಿಗೂ ಬಿಡುತ್ತಿರಲಿಲ್ಲ. “ಅದು ಅದರ ಅಂಗಿ. ಅಂಗಿ ಕಳದ್ರ ಸೋರ್ತದ” ಎಂಬುದು ಅವರ ಮಾತು. ತಾಮ್ರದ ಮಟ್ಟಿಗೆ ಅದು ಖರೇ ಮಾತೇ ಆಗಿತ್ತು.

ಅವರ ಸ್ನಾನಕ್ಕೆ ಒಂದು ಕ್ರಮವಿತ್ತು. ಸ್ನಾನವಾಗಿ, ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಯಾಗುವವರೆಗೆ ಅವರ ಬಾಯಿಗೆ ಹನಿ ನೀರು ಬೀಳುತ್ತಿರಲಿಲ್ಲ. ಶುಗರಿನ ಗುಳಿಗೆ ಶುರುವಾದ ಮೇಲೂ ಅಷ್ಟೇ. ಸ್ನಾನದ ಮೊದಲು ಒಂದು ತಾಮ್ರದ ಬೋಗುಣಿಯಲ್ಲಿ ಬಿಸಿನೀರು ಹಿಡಿದು, ಮಣೆಯ ಮೇಲೆ ಕುಳಿತು, ಎರಡೂ ಪಾದ ಅದರಲ್ಲಿ ಇಟ್ಟುಕೊಳ್ಳುತ್ತಿದ್ದರು. ಪಾದ ಬೆಚ್ಚಗಾದ ಮೇಲೆಯೇ ಮೈಮೇಲೆ ಮೊದಲ ತಂಬಿಗೆ. “ಮೈಗೆ ಬಿದ್ದ ನೀರು ಗಾಳಿಗೆ ಆರ್ತಾವ. ನೀರಿನ ಬಿಸಿ ಪಾದಕ್ಕ ಕೇಳಬೇಕು” ಎನ್ನುತ್ತಿದ್ದರು. ಇದು ಅವರ ತವರಿನ ಪಾಠ.

ಇನ್ನೊಂದು ಕಟ್ಟೂ ಇತ್ತು. ಅವರ ನೀರಿಗೆ ಬೇರೆ ಯಾರೂ ಕೈ ಅದ್ದುವಂತಿರಲಿಲ್ಲ. ಪೂಜೆಗೆ ಕೂರುವ ಮೈಗೆ ಬೀಳುವ ನೀರು, ಅದಕ್ಕೆ ಮಡಿ. ಬಕೀಟನ್ನು ಹೊರಬಹುದು, ನಳ ತಿರುವಬಹುದು, ಬೆರಳು ಮಾತ್ರ ಅದ್ದಬಾರದು. ಹೊಸ ಸೊಸೆಯಾಗಿದ್ದಾಗ ಒಮ್ಮೆ ಗೊತ್ತಿಲ್ಲದೆ ಅದ್ದಿದ್ದೆ. ಅತ್ತೆಯವರು ಅಷ್ಟೂ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ ಮತ್ತೆ ಕಾಸಿಕೊಂಡರು. ಅಂದು ಅವರ ಪೂಜೆ ತಡವಾಯಿತು, ಊಟ ತಡವಾಯಿತು. ಅದಾದ ಮೇಲೆ ಮೂವತ್ತು ವರ್ಷ ನಾನು ಆ ತಪ್ಪು ಮಾಡಲಿಲ್ಲ.

ಅತ್ತೆಯವರ ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಹೊಗೆ ಕೂಡದು ಎಂದರು. ಬಂಬ ಅಟ್ಟಕ್ಕೆ ಹೋಯಿತು, ಗೀಜರ್ ಬಂತು. ಕೂಡಿಸಲು ಜತ್ತದಿಂದ ಬಂದ ಮಿಸ್ತ್ರಿ ನಮ್ಮವರ ವಯಸ್ಸಿನವನೇ; ಮೋಟರು ಕಟ್ಟುವುದರಿಂದ ಹಿಡಿದು ಫ್ಯಾನು, ಮಿಕ್ಸರು ಎಲ್ಲ ಅವನೇ. ಅಂಗಡಿಯವರು ಹತ್ತು ವರ್ಷ ಬಾಳುತ್ತದೆ ಎಂದಿದ್ದಾರೆ ಅಂತ ನಮ್ಮವರು ಹೇಳಿದಾಗ ಅವನು ಗೋಡೆಗೆ ತೂತು ಹಾಕುತ್ತಲೇ ನಕ್ಕ.

“ಅವರು ಹೇಳೂದು ಕೃಷ್ಣಾ ನದಿ ನೀರಿಗ್ರಿ ಮಾಲಕ್ರ. ನಮ್ಮ ನೀರಿಗೆ ಅರ್ಧ ಹಿಡೀರಿ. ವರ್ಷಕ್ಕೊಮ್ಮೆ ಬಿಚ್ಚಿ ಸುಣ್ಣ ತಗಸಿದ್ರ ಆರೇಳು. ಇಲ್ಲಂದ್ರ ನಾಕು.”

ಒಳಗೆ ಒಂದು ಕೋಲು ಇರುತ್ತದೆ, ಅದು ತಾನು ಕರಗಿ ಕರಗಿ ಟಾಕಿಗೆ ತುಕ್ಕು ಹಿಡಿಯದ ಹಾಗೆ ಕಾಯುತ್ತದೆ, ಅದನ್ನೂ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು ಎಂದು ಅವನೇ ಹೇಳಿದ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆಯವರು, “ಅಂದ್ರ ಸೊಸಿ ಇದ್ದಂಗ” ಎಂದರು.

“ಅಲ್ರಿ ಆಯಿ, ಅತ್ತಿ ಇದ್ದಂಗ.”

“ನಿನ್ನ ಹೇಣ್ತಿ ಮುಂದ ಈ ಮಾತ ಆಡೀಯೇನ್?”

“ಆಕೀ ಮುಂದ ನಾ ಮಾತs ಆಡಾಂಗಿಲ್ರಿ.”

ಒಂದು ವರ್ಷವಾದ ಮೇಲೆ ಅವನು ಸುಣ್ಣ ತೆಗೆಯಲು ಬಂದ. ಅತ್ತೆಯವರು ಬಿಚ್ಚಲು ಬಿಡಲಿಲ್ಲ. ಅಂಗಿಯ ಮಾತು ಹೇಳಿದರು. ಇದು ತಾಮ್ರವಲ್ಲ, ಒಳಗೆ ನೀರು ಕಾಸುವ ಕರೆಂಟಿನ ಕಾಯಿಲು ಇದೆ, ಕಾಯಿಲಿನ ಮೇಲೆ ಸುಣ್ಣ ಕೂತರೆ ಶಾಖ ನೀರಿಗೆ ಹೋಗದೆ ಕಾಯಿಲೇ ಸುಟ್ಟುಕೊಳ್ಳುತ್ತದೆ ಎಂದು ಅವನು ತಿಳಿಸಿ ಹೇಳಿದ. ಅತ್ತೆಯವರು ಅವನಿಗೆ ಚಹಾ ಕೊಟ್ಟು ಕಳಿಸಿದರು. ಮುಂದಿನ ವರ್ಷ ಅವನು ಚಹಾಕ್ಕಷ್ಟೇ ಬಂದ.

ಅವನು ಹೇಳಿದಂತೆಯೇ ಆಯಿತು. ಮೂರನೆಯ ವರ್ಷ ಗೀಜರಿನೊಳಗೆ ಅಳ್ಳು ಹುರಿದ ಹಾಗೆ ಚಟಪಟ ಸದ್ದು ಬರತೊಡಗಿತು. ನೀರು ಕಾಯಲು ಮೊದಲಿನ ಎರಡು ಪಾಲು ಹೊತ್ತು ಹಿಡಿಯಿತು. ಆಮೇಲೆ ಒಂದು ಬೆಳಗ್ಗೆ ಅತ್ತೆಯವರು ಬಚ್ಚಲಿನಿಂದ ಕೂಗಿದರು: “ನೀರು ತಣ್ಣಗ ಅದಾವಲ್ಲ.” ಅದು ಖರೇ ಇತ್ತು, ನಮಗೂ ಅಂದು ತಣ್ಣೀರೇ. ಕಾಯಿಲು ಸುಟ್ಟಿತ್ತು. ಮಿಸ್ತ್ರಿ ಹೊಸದು ಹಾಕಿದ, ಒಳಗಿನಿಂದ ಬುಟ್ಟಿಗಟ್ಟಲೆ ಸುಣ್ಣ ತೆಗೆದ. ಸುಣ್ಣ ಹೋದದ್ದೇ ತಡ, ಟಾಕಿಯ ತಳದಿಂದ ಹನಿ ಹನಿ ಸೋರತೊಡಗಿತು.

“ನಾ ಹೇಳಿರಲಿಲ್ಲ?” ಎಂದರು ಅತ್ತೆಯವರು, ಗೆದ್ದವರ ಹಾಗೆ. “ಅಂಗಿ ಕಳದಿ, ಸೋರ್ತು.”

ಮಿಸ್ತ್ರಿ ಕೈ ಒರೆಸಿಕೊಂಡು ನನಗೆ ಹೇಳಿದ: “ಅಕ್ಕಾರ, ನೆನಪಿಡ್ರಿ. ಕಾಯಿಲ ಹೋದ್ರ ಕಾಯಿಲ ಹಾಕಬಹುದು. ಥರ್ಮೋಸ್ಟಾಟ ಹೋದ್ರ ಅದನ್ನೂ ಹಾಕಬಹುದು. ಟಾಕಿ ಸೋರ್ತಂದ್ರ ಮಾತ್ರ ಮುಗೀತು. ಬೆಸಿಗಿ ಹಾಕಸಬ್ಯಾಡ್ರಿ, ಹಿಟ್ಟ ಮೆತ್ತಬ್ಯಾಡ್ರಿ. ಹೊಸಾದ ತರ್ರಿ.”

ನಾಲ್ಕು ವರ್ಷಕ್ಕೆ ಮೊದಲನೆಯದು ಇಳಿಯಿತು. ಎರಡನೆಯದು ಬಂದಾಗ ಅತ್ತೆಯವರೇ ಮೆತ್ತಗಾಗಿ, “ವರ್ಷಾ ಬಂದು ಬಿಚ್ಚಿ ತೊಳಿಯಪಾ, ನಾ ಏನೂ ಅನ್ನಾಂಗಿಲ್ಲ” ಎಂದರು. ಅವನು ಬಿಚ್ಚಿ ತೊಳೆದ, ಕೋಲು ನೋಡಿದ, ಎಲ್ಲ ಚಲೋ ಅದ ಎಂದ. ಅದೇ ಚಳಿಗಾಲದಲ್ಲಿ ಅತ್ತೆಯವರು ಮತ್ತೆ ಅಂದರು:

“ನೀರು ಕಾದಿಲ್ಲವಾ.”

ಮೊದಲನೆಯದು ಕೆಟ್ಟದ್ದು ಗೊತ್ತಾದದ್ದೂ ಇದೇ ಮಾತಿನಿಂದ. ಹಾಗಾಗಿ ನಾವು ತಡ ಮಾಡಲಿಲ್ಲ. ಮಿಸ್ತ್ರಿ ಬಂದ. ಕಾಯಿಲು ನೋಡಿದ, ಥರ್ಮೋಸ್ಟಾಟ್ ನೋಡಿದ, ನಳದ ಕೆಳಗೆ ಕೈ ಹಿಡಿದ. “ಕಾದಾವ್ರಿ ಆಯಿ, ಚಲೋ ಕಾದಾವ” ಎಂದ.

“ನಿನ್ನ ನಳದಾಗ ಕಾದಾವ. ನನ್ನ ಬೋಗುಣ್ಯಾಗ ಬರೂದ್ರಾಗ ಆರ್ತಾವ.”

ಗೀಜರಿನಿಂದ ಅವರ ಮೂಲೆಗೆ ಬರುವ ಪೈಪು ಹೊರಗೋಡೆಯ ಮೇಲಿತ್ತು. ಅಲ್ಲಿ ಗಾಳಿ ಬೀಸುತ್ತದೆ. ಮಾತು ಎಲ್ಲರಿಗೂ ಸರಿ ಕಂಡಿತು. ನಮ್ಮವರು ಹಳೆಯ ಕಂಬಳಿ ಹರಿದು ಪೈಪಿಗೆ ಸುತ್ತಿದರು, ಮೇಲೆ ಗೋಣಿಚೀಲ ಹೊಲಿದರು. ನೋಡಿದ ನೆರೆಮನೆಯವರು, “ಬಸುರಿಗೆ ಮಾಡಿದಂಗ ನಿಮ್ಮ ಪೈಪಿಗೆ ಕುಬಸ ಮಾಡೀರೇನು?” ಎಂದು ನಕ್ಕರು. ಅತ್ತೆಯವರೂ ನಕ್ಕರು. ಎಂಟು ದಿನ ನೀರು ಕಾದಿದೆ ಎಂದರು, ಒಂಬತ್ತನೆಯ ದಿನ ಮತ್ತೆ ಅದೇ ಮಾತು.

ಅವರಾದ ಮೇಲೆ ನಾನು ಸ್ನಾನಕ್ಕೆ ಹೋಗುತ್ತಿದ್ದೆ. ನನಗೆ ಬಿಸಿನೀರೇ ಬರುತ್ತಿತ್ತು, ಕೊಡಕ್ಕೆ ಕೊಡ ತಣ್ಣೀರು ಬೆರೆಸಬೇಕಾಗುತ್ತಿತ್ತು. ಅವರದು ಮುಗಿಯುವಷ್ಟರಲ್ಲಿ ಮತ್ತೆ ಕಾದಿರಬೇಕು ಅಂದುಕೊಳ್ಳುತ್ತಿದ್ದೆ. ಪಕ್ಕದಲ್ಲೇ ಅವರ ಬೋಗುಣಿ ಇರುತ್ತಿತ್ತು, ಕೆಲವೊಮ್ಮೆ ನೀರಿನ ಸಮೇತ. ಅದರಿಂದ ಆವಿ ಏಳುವುದನ್ನೂ ನೋಡಿರಬೇಕು. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರಿನಿಂದಲೂ ಆವಿ ಏಳುತ್ತದೆ. ಬೆರಳು ಅದ್ದಿದ್ದರೆ ಗೊತ್ತಾಗುತ್ತಿತ್ತು. ಅದ್ದಲಿಲ್ಲ.

ನೀರು ಇನ್ನಷ್ಟು ಕಾಯಲೆಂದು ಮಿಸ್ತ್ರಿ ಥರ್ಮೋಸ್ಟಾಟನ್ನು ಒಂದು ಗೆರೆ ಏರಿಸಿದ. ತಿಂಗಳಾದ ಮೇಲೆ ಇನ್ನೊಂದು. ಮೂರನೆಯ ಸಲ ಅವನು ತಲೆ ಕೆರೆದುಕೊಂಡು, “ಇದರಾಗ ಏನೂ ದೋಷಿಲ್ರಿ ಅಕ್ಕಾರ. ಇನ್ನ ನಾಕ ವರ್ಷ ನೋಡಾಂಗಿಲ್ಲ” ಎಂದ. ಅತ್ತೆಯವರು ಒಳಗಿಂದಲೇ, “ಹಂಗಾರ ದೋಷ ನನ್ನ ನಾಲಿಗ್ಯಾಗ ಅದ ಅಂತಾನೇನು ಕೇಳ್ರಿ” ಎಂದರು. ಅವರು ಆಗಲೇ ಎರಡು ದಿನ ಸರಿಯಾಗಿ ಸ್ನಾನವಿಲ್ಲ ಎಂದು ಪೂಜೆ ತಡ ಮಾಡಿ, ಗುಳಿಗೆ ತಡ ಮಾಡಿ, ತಲೆಸುತ್ತಿ ಗೋಡೆ ಹಿಡಿದು ಕುಳಿತಿದ್ದರು. ನಮ್ಮವರಿಗೆ ತಾಯಿಯ ಉಪವಾಸ ನೋಡಲಾಗಲಿಲ್ಲ. ಎರಡು ವರ್ಷವೂ ತುಂಬದ ಗೀಜರನ್ನು ಇಳಿಸಿ ಇನ್ನೂ ದೊಡ್ಡದೊಂದು ತಂದರು. ಕೂಡಿಸುವಾಗಲೇ ಮಿಸ್ತ್ರಿ ಅದರ ಥರ್ಮೋಸ್ಟಾಟನ್ನು ಕೊನೆಯ ಗೆರೆಗೆ ಇಟ್ಟುಬಿಟ್ಟ.

“ಇನ್ನ ನನ್ನ ಬೈಯಾಕ ಜಾಗಾ ಉಳದಿಲ್ಲ ನೋಡ್ರಿ ಆಯಿ.”

“ಜಾಗಾ ನಾ ಹುಡಕ್ತೀನಿ, ನೀ ಚಿಂತಿ ಮಾಡಬ್ಯಾಡ.”

ಹೊಸದರ ಮಿಂಚು ಕಂಡು ಅತ್ತೆಯವರು ನಾಲ್ಕು ದಿನ ಸಮಾಧಾನದಿಂದ ಇದ್ದರು. ಆಮೇಲೆ ಆ ಮಾತನ್ನು ಕೂಗಿ ಹೇಳುವುದು ಬಿಟ್ಟು ತಮ್ಮಷ್ಟಕ್ಕೇ ಹೇಳಿಕೊಳ್ಳತೊಡಗಿದರು. ಇಷ್ಟು ಮಾಡಿಸಿದ ಮೇಲೂ ದೂರಿದರೆ ಚೆನ್ನಲ್ಲ ಎನಿಸಿರಬೇಕು. ಬೋಗುಣಿಗೆ ತಣ್ಣೀರು ಬೆರೆಸುವುದನ್ನು ಪೂರ್ತಿ ಬಿಟ್ಟಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ.

ಎಳ್ಳಮಾಸಿಯ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಉಣ್ಣುತ್ತಾರೆ. ಅಂದು ಬೆಳಗ್ಗೆ ನಾನು ಸಜ್ಜೆಯ ರೊಟ್ಟಿ ಬುಟ್ಟಿಗೆ ತುಂಬುತ್ತಿದ್ದೆ, ನಮ್ಮವರು ಗಾಡಿಗೆ ಸಾಮಾನು ಹೇರುತ್ತಿದ್ದರು. ಅತ್ತೆಯವರು ಬಚ್ಚಲಲ್ಲಿ ಎಷ್ಟು ಹೊತ್ತು ಕುಳಿತಿದ್ದರೋ ಯಾರೂ ನೋಡಲಿಲ್ಲ. ಪೂಜೆಗೆ ಕೂತದ್ದು ಕಾಣಿಸಿತು. ಎಡೆ ಕೊಡಲೆಂದು ಹೋದೆ. ಬಚ್ಚಲಿನಿಂದ ದೇವರ ಜಗುಲಿಯವರೆಗೆ ಅವರ ಹೆಜ್ಜೆ ಒದ್ದೆಯಾಗಿ ಬಿದ್ದಿದ್ದವು. ಒಂದು ಹೆಜ್ಜೆಯಲ್ಲಿ ನೀರಿನ ಜೊತೆ ತೆಳ್ಳಗೆ ಏನೋ ಅಂಟಿತ್ತು. ಬಗ್ಗಿ ನೋಡಿದೆ. ಚರ್ಮ.

ಪಾದ ನೋಡಿದೆ. ಬೋಗುಣಿಯ ನೀರು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ, ಗೆರೆ ಎಳೆದ ಹಾಗೆ, ಎರಡೂ ಕಾಲು ಕೆಂಪಗಿದ್ದವು. ಎಡಗಾಲಿನ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ ಎದ್ದು ಒಡೆದಿತ್ತು.

“ಅತ್ತಿಯವರ, ಕಾಲ ಉರೀತಾವೇನ್ರಿ?”

ಅವರು ಕಣ್ಣು ತೆರೆಯಲಿಲ್ಲ. “ಎಲ್ಲೀ ಉರಿ. ತಣ್ಣಗ ಕೊರೀತಾವ. ಇವತ್ತೂ ನೀರು ಕಾದಿದ್ದಿಲ್ಲವಾ. ಹಬ್ಬದ ದಿನ ಯಾಕ ಹೇಳೂದಂತ ಸುಮ್ನಾದ್ಯಾ.”

ನಾನು ಬಚ್ಚಲಿಗೆ ಹೋದೆ. ಅವಸರದಲ್ಲಿ ಅವರು ಬೋಗುಣಿ ಚೆಲ್ಲಿರಲಿಲ್ಲ. ಮೂವತ್ತು ವರ್ಷದ ಮೇಲೆ ಎರಡನೆಯ ಸಲ ಅವರ ನೀರಿಗೆ ಕೈ ಅದ್ದಿದೆ. ಅವರು ಎದ್ದು ಎಷ್ಟೋ ಹೊತ್ತಾದ ನೀರು ಅದು. ಕೈ ಇಡಲಾಗಲಿಲ್ಲ.

ಜತ್ತದ ಡಾಕ್ಟರು ಅವರ ಕಣ್ಣಿಗೆ ಬಟ್ಟೆ ಅಡ್ಡ ಹಿಡಿಸಿ, ಸೂಜಿಯ ಮೊನೆಯಿಂದ ಪಾದವನ್ನು ಅಲ್ಲಲ್ಲಿ ಚುಚ್ಚಿದರು. ಚುಚ್ಚಿದಾಗ ಹೇಳಬೇಕು ಎಂದಿದ್ದರು. ಅತ್ತೆಯವರು ಸುಮ್ಮನೆ ಕುಳಿತಿದ್ದರು. ಸ್ವಲ್ಪ ಹೊತ್ತಾದ ಮೇಲೆ, “ಇವರು ಯಾವಾಗ ಚಾಲೂ ಮಾಡ್ತಾರಂತ?” ಎಂದು ನನ್ನನ್ನು ಕೇಳಿದರು. ಡಾಕ್ಟರು ಅಷ್ಟರಲ್ಲಿ ಬೆರಳಿನಿಂದ ಹಿಮ್ಮಡಿಯವರೆಗೆ ಮುಗಿಸಿ ಸೂಜಿ ಇಟ್ಟಾಗಿತ್ತು.

ಶುಗರಿನಿಂದ ಪಾದದ ನರ ಸತ್ತಿವೆ ಎಂದರು. ಒಂದೇ ದಿನದಲ್ಲಿ ಸಾಯುವುದಲ್ಲ. ಮೊದಲು ಕಾಲು ತಣ್ಣಗಿದೆ ಅನಿಸುತ್ತದೆ, ಎಷ್ಟು ಕಾಸಿದರೂ ಬೆಚ್ಚಗಾಗುವುದಿಲ್ಲ. ನೀರು ತಣ್ಣಗಿದೆ ಎಂದು ಇವರು ಯಾವಾಗಿನಿಂದ ಹೇಳುತ್ತಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದರು. ಎರಡನೆಯ ಗೀಜರನ್ನು ತೊಳೆಸಿದ ಚಳಿಗಾಲದಿಂದ ಎಂದೆ, ಮಿಸ್ತ್ರಿ ಬಂದು ಹೋದದ್ದನ್ನೂ ಹೇಳಿದೆ. ಅವರು ಪೆನ್ನು ನಿಲ್ಲಿಸಿದರು. “ತಿಂಗಳಿಗೊಮ್ಮೆ ಮಿಸ್ತ್ರಿಯನ್ನು ಕರೆಸಿದಿರಿ. ಒಮ್ಮೆ ಇವರನ್ನು ಇಲ್ಲಿಗೆ ಕರೆತರಬೇಕಿತ್ತು” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಸಹಿಸಬಹುದಿತ್ತು.

ಬಲಗಾಲು ಮಾಯಿತು. ಎಡಗಾಲು ಮಾಯಲಿಲ್ಲ. ಮೊದಲು ಎರಡು ಬೆರಳು ತೆಗೆದರು, ಆಮೇಲೆ ಮಿರಜಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ. ಹೋಗುವ ಮೊದಲು ಅತ್ತೆಯವರು ನಮ್ಮವರಿಗೆ ಹೇಳಿದ್ದು ಒಂದೇ: “ತಗೀವಾಗ ಬ್ಯಾನಿ ಆಗಾಂಗಿಲ್ಲ ಬಿಡಪಾ. ಅದು ಯಾವಾಗೋ ಹೋಗೇದ, ನನಗ ಈಗ ಗೊತ್ತಾಗೇದ.”

ಊರಿಗೆ ಬಂದ ಮೇಲೆ ಮಿಸ್ತ್ರಿ ನೋಡಲು ಬಂದ. ಹೊಸ್ತಿಲ ಹೊರಗೇ ಕುಳಿತ. ಒಳಗೆ ಬಾ ಎಂದರೂ ಬರಲಿಲ್ಲ.

“ನಾ ಏರಸಬಾರದಿತ್ರಿ ಆಯಿ.”

“ನಾ ಏರಸು ಅಂದ್ಯಾ, ನೀ ಏರಿಸಿದಿ. ಒಳಗ ಬಾ, ಚಹಾ ಕುಡಿ.”

“ನನ್ನ ಕೈಯಾಗ ಇತ್ತಲ್ರಿ ಅದು.”

“ಎಲ್ಲಾರ ಕೈಯಾಗ ಎಲ್ಲಾ ಇತ್ತಪಾ. ನನ್ನ ನೀರಿಗೆ ಯಾರ ಕೈ ಬರಬಾರದು ಅಂದಾಕಿ ನಾ.”

ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಬಚ್ಚಲಿಗೆ ಹೋಗಿ ಥರ್ಮೋಸ್ಟಾಟನ್ನು ಕೆಳಗಿನ ಗೆರೆಗೆ ಇಳಿಸಿದ. ಹೊರಗೆ ಬರುತ್ತ ರೂಢಿಯ ಹಾಗೆ, “ಇದು ಭಾರೀ ಟಾಕಿ ಅದ್ರಿ ಅಕ್ಕಾರ, ಜ್ವಾಕಿ ಮಾಡಿದ್ರ ಹತ್ತ ವರ್ಷಕ್ಕ” ಎಂದು ಶುರು ಮಾಡಿದ. ಅಲ್ಲಿಗೇ ಬಿಟ್ಟು ಚೀಲ ಹೆಗಲಿಗೆ ಹಾಕಿಕೊಂಡ.

ಮಠದ ಅಯ್ಯನವರು ಬಂದು, ಸ್ನಾನ ಆಗದಿದ್ದರೆ ವಿಭೂತಿ ಹಚ್ಚಿಕೊಂಡರೂ ಆಯಿತು, ಅದೂ ಸ್ನಾನವೇ ಎಂದು ಹೇಳಿದರು. ಅತ್ತೆಯವರು ಕೈಮುಗಿದು ಹೂಂ ಎಂದರು. ಮಾರನೆಯ ದಿನ ಬೆಳಗ್ಗೆ ಎಂದಿನ ಹೊತ್ತಿಗೆ ಎಚ್ಚರಾಗಿ, “ನೀರು ಕಾದಾವೇನು?” ಎಂದು ಕೇಳಿದರು.

ಈಗ ಹೀಗೆ ನಡೆಯುತ್ತದೆ. ನಾನು ಬೋಗುಣಿಯಲ್ಲಿ ನೀರು ತರುತ್ತೇನೆ, ಅವರ ಕಣ್ಣೆದುರೇ ಮೊಣಕೈಯವರೆಗೆ ನನ್ನ ಕೈ ಅದ್ದಿ ನೋಡುತ್ತೇನೆ. ಡಾಕ್ಟರು ಹಾಗೆಯೇ ಹೇಳಿದ್ದಾರೆ. ಅವರು ಮುಖ ಆಚೆ ತಿರುಗಿಸುತ್ತಾರೆ. ನಾನು ಬಟ್ಟೆ ಹಿಂಡಿ ಮೈ ಒರೆಸುತ್ತೇನೆ. “ತಣ್ಣಗ ಅದಾವ” ಎನ್ನುತ್ತಾರೆ. “ಬೆಚ್ಚಗ ಅದಾವ್ರಿ” ಎನ್ನುತ್ತೇನೆ. “ನೀ ಹೇಳಿದಂಗ” ಎನ್ನುತ್ತಾರೆ. ಜೀವಮಾನದಲ್ಲಿ ಅವರು ನನಗೆ ಈ ಮಾತು ಹೇಳಿದವರಲ್ಲ. ಕೇಳಿದಾಗಲೆಲ್ಲ, ಬೈದಿದ್ದರೆ ಚಲೋ ಇತ್ತು ಅನಿಸುತ್ತದೆ.

ಮೈ ಒರೆಸುವಾಗ ಬೆನ್ನಿಗೆ ಬಿಸಿ ಗೊತ್ತಾಗುತ್ತದೆ, ತೋಳಿಗೆ ಗೊತ್ತಾಗುತ್ತದೆ. ಅಂಗೈಗೆ ಬಟ್ಟೆ ಬಂದಾಗ ಅವರು ಏನೂ ಹೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಕಾಲಿನ ನಂತರ ಕೈಯ ಸರದಿ ಬರಬಹುದು ಎಂದು ಡಾಕ್ಟರು ಮೊದಲೇ ಅಂದಿದ್ದರು.

ಹೋದ ಸೋಮವಾರ ಮೈ ಒರೆಸಿ, ವಿಭೂತಿ ಹಚ್ಚಿ, ಅವರನ್ನು ದಿಂಬಿಗೆ ಆನಿಸಿ ಕೂಡಿಸಿದೆ. ಎಡಗೈ ಚಾಚಿದರು. ಲಿಂಗ ತೆಗೆದು ಅಂಗೈಯ ನಡುವೆ ಇಟ್ಟೆ. ಅವರು ಕಣ್ಣು ಮುಚ್ಚಿ ಜಪ ಶುರು ಮಾಡಿದರು. ನಾನು ಬೋಗುಣಿ ಎತ್ತಿಕೊಂಡು ಹೊರಟಿದ್ದೆ. ಜಪ ನಿಂತಿತು.

“ಏ ತಂಗಿ,” ಎಂದರು, ಕಣ್ಣು ಮುಚ್ಚಿಕೊಂಡೇ. “ಅಂಗೈ ಮ್ಯಾಲ ಅದ ಏನ್ ನೋಡು.”

“ಅದರಿ, ಅತ್ತಿಯವರ.”

“ಖರೇನs ಅದ?”

“ಅದರಿ.”

ಅವರು ಬೆರಳು ಮಡಚಿದರು, ಬಿಚ್ಚಿದರು. ಆಮೇಲೆ, “ಅಲ್ಲೇ ಕುಂದ್ರು ಮತ್ತ. ಮುಗಿಯೂತನಕ ನೋಡಕೋತ ಕುಂದ್ರು” ಎಂದರು.

ನಾನು ಬೋಗುಣಿ ಕೆಳಗಿಟ್ಟು ಕುಳಿತೆ. ದಿನಾಲೂ ಕೂರುತ್ತಿದ್ದೇನೆ.